ಪಿಂಟೊ ಮಾಸ್ಟ್ರ ಅಲೆಗಳು, ನನ್ನ ಚಿಲ್ಲರೆ

ಸಿಪ್ರಿಯನ್ ಪಿಂಟೊ ಮಾಸ್ಟ್ರ ಅಲೆಗಳ ಲೆಕ್ಕವನ್ನು ಕೆಡಿಸಿದವನು ನಾನು. ಅವರ ಸೂತ್ರ ಸರಿಯಾಗಿತ್ತು. ತಪ್ಪಿದ್ದು ಅಂಕಿಗಳು, ಅಂಕಿಗಳನ್ನು ಹಾಕಿದ್ದು ನಾನು, ಅದು ಗೊತ್ತಿದ್ದೂ ಬಾಯಿ ಮುಚ್ಚಿ ಕೂತವನೂ ನಾನೇ. ಹೀಗೆ ಮೂರು ಹುದ್ದೆಗಳನ್ನು ಒಬ್ಬನೇ ನಿರ್ವಹಿಸಿದ ನನಗೆ ಅದೇ ವರ್ಷ ಬಡ್ತಿಯೂ ಸಿಕ್ಕಿತು.

ನಾನಾಗ ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಆಣೆ ಹೋಗಿ ನಯಾಪೈಸೆ ಬಂದ ಹೊಸತು. ಒಂದು ಆಣೆಗೆ ಆರೂಕಾಲು ನಯಾಪೈಸೆ — ಆ ಕಾಲನ್ನು ಎಲ್ಲಿಡುವುದು? ಇಡಲು ಜಾಗವಿಲ್ಲ, ಕಡಿದು ಬಿಸಾಡುವುದು. ಬೆಳಗಿನಿಂದ ಸಂಜೆಯವರೆಗೆ ಚೂರುಗಳನ್ನು ಕಡಿದು ಕಡಿದು ಆ ಕಾಲದ ಗುಮಾಸ್ತರ ಕೈಗೆಲ್ಲ ಒಂದು ರೂಢಿ ಬಂದಿತ್ತು. ಮೀನಿನ ಬಾಲ ಕಂಡರೆ ಕತ್ತಿಗೆ ಹೇಗೋ, ದಶಮಾಂಶ ಬಿಂದುವಿನ ಆಚೆಯ ಮೂರನೆಯ ಅಂಕಿ ಕಂಡರೆ ನಮಗೆ ಹಾಗೆ.

ಪಿಂಟೊ ಮಾಸ್ಟ್ರು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ನನಗೆ ಪರಿಚಯವಾದದ್ದು ತಮ್ಮ ಆದಾಯ ತೆರಿಗೆಯ ಫಾರಂ ತುಂಬಿಸಿಕೊಳ್ಳಲು ಬಂದಾಗ. ತುಂಬಿಸಿ ಮುಗಿದರೂ ಏಳಲಿಲ್ಲ. ನಮ್ಮ ಕಾರ್ಖಾನೆಯ ತೆರಿಗೆಯ ಮೇಲೆ ಅವರ ಕಣ್ಣು ಬಿದ್ದಿತ್ತು.

“ಯಂತ್ರ ಸವೆದರೆ ಕಂಪನಿಗೆ ಸವಕಳಿ ಅಂತ ಒಂದು ಕಳೀಲಿಕ್ಕೆ ಉಂಟಲ್ವಾ ರಾಯರೇ?”

“ಉಂಟು.”

“ನಿಮ್ಮ ಫಿಟ್ಟರನ ಕಣ್ಣು ಸವೆದರೆ?”

“ಅದು ಕಾನೂನಿನಲ್ಲಿ ಇಲ್ಲ ಮಾಸ್ಟ್ರೇ.”

“ಹಾಗಾದ್ರೆ ಕಾನೂನು ಬರೆದವರಿಗೆ ಕನ್ನಡಕ ಬೇಕು.”

ಈ ಮನುಷ್ಯನನ್ನು ಬಿಡಬಾರದು ಎಂದು ನನಗೆ ಆಗಲೇ ಅನಿಸಿತು. ಅದಕ್ಕೆ ಸ್ವಾರ್ಥವೂ ಇತ್ತು. ವ್ಯಾಪಾರಿಗಳ ಸಂಘದಲ್ಲಿ ನಾನೊಂದು ಭಾಷಣ ಮಾಡಬೇಕು ಎಂದು ನಮ್ಮ ದಣಿಗಳು ಅಪ್ಪಣೆ ಕೊಡಿಸಿದ್ದರು. ವಿಷಯ: ಕಂಪನಿಗಳ ಮೇಲೂ ನುರಿತ ಕೆಲಸಗಾರರ ಮೇಲೂ ಬೀಳುವ ತೆರಿಗೆಯ ಭಾರದ ತುಲನೆ. ತುಲನೆಯ ಫಲಿತಾಂಶವನ್ನು ದಣಿಗಳು ಮೊದಲೇ ನಿರ್ಧರಿಸಿದ್ದರು — ಕಂಪನಿಯ ಭಾರವೇ ಹೆಚ್ಚು. ಅದಕ್ಕೆ ಕಾರಣ ಹುಡುಕುವುದಷ್ಟೇ ನನ್ನ ಕೆಲಸ. ಕಾರಣ ಸಿಗದೆ ನಾನು ಒದ್ದಾಡುತ್ತಿದ್ದೆ.

ಮಾಸ್ಟ್ರು ನನ್ನನ್ನು ಒಂದು ಸಂಜೆ ಬಂದರಿನ ದಕ್ಕೆಗೆ ಕರೆದುಕೊಂಡು ಹೋದರು. ಸರಕಿನ ಹಾಯಿದೋಣಿಗಳಾದ ಮಂಜಿಗಳು ನಿಲ್ಲುವಲ್ಲಿ, ನೀರಿನಲ್ಲಿ ಸಾಲಾಗಿ ಊರಿದ್ದ ಕಂಬಗಳನ್ನು ತೋರಿಸಿದರು.

“ಈ ಅಲೆ ಕಂಬಕ್ಕೆ ಬಡೀತದೆ, ನೋಡಿ. ಅಲ್ಲೇ ಸತ್ತು ಹೋಯ್ತಾ? ಇಲ್ಲ. ಸ್ವಲ್ಪ ಹಿಂದೆ ಹೋಗ್ತದೆ, ಸ್ವಲ್ಪ ಆಚೀಚೆ ಚದರ್ತದೆ, ಉಳಿದದ್ದು ಕಂಬವನ್ನು ಸುತ್ತಿ ಬಂದು ಹಿಂದೆ ಇರುವವನನ್ನು ಒದ್ದೆ ಮಾಡ್ತದೆ. ನಿಮ್ಮ ತೆರಿಗೆಯೂ ಹಾಗೆಯೇ ಮಾರಾಯ್ರೇ. ಕಂಪನಿಗೆ ಬಡೀತದೆ, ಆದ್ರೆ ಅಲ್ಲಿ ನಿಲ್ಲೂದಿಲ್ಲ. ಹಂಚು ಕೊಳ್ಳುವವನಿಗೆ ಒಂದು ಪಾಲು, ಕೆಲಸದವನ ಕೂಲಿಗೆ ಒಂದು ಪಾಲು. ಫಿಟ್ಟರನ ಹಿಂದೆ ಮಾತ್ರ ಯಾರೂ ಇಲ್ಲ. ಅವನಿಗೆ ಬಿದ್ದದ್ದು ಅವನಿಗೇ.”

ಇಡೀ ಭಾಷಣ ಅಲ್ಲಿಯೇ ಸಿದ್ಧವಾಗಿತ್ತು. ನಾನು ಹೋಗಿ ಉರು ಹೊಡೆದು ಹೇಳಿದೆ. ಚಪ್ಪಾಳೆ ಬಿತ್ತು. ದಣಿಗಳು ಅರ್ಧ ಮಾತ್ರ ಕೇಳಿಸಿಕೊಂಡರು — ತೆರಿಗೆ ಹಾಕಿದರೆ ಕೊನೆಗೆ ಬಡವನಿಗೇ ತಟ್ಟುತ್ತದೆ, ಆದ್ದರಿಂದ ಕಂಪನಿಗೆ ಹಾಕಬಾರದು ಎಂಬ ಅರ್ಧ. ಫಿಟ್ಟರನ ಅರ್ಧ ಅವರ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಮುಖ್ಯ ಲೆಕ್ಕಿಗನ ಜಾಗ ಖಾಲಿಯಾಗುವುದರಲ್ಲಿತ್ತು. ಅಂದಿನಿಂದ ದಣಿಗಳು ನನ್ನನ್ನು ಕಂಡರೆ ನಗತೊಡಗಿದರು.

ಮಾಸ್ಟ್ರಿಗೆ ಮಾತ್ರ ಅಲೆ ಹೋಲಿಕೆಯ ವಸ್ತುವಾಗಿರಲಿಲ್ಲ. ಅಲೆಯೇ ಅವರ ಬದುಕು. ಕಂಬಗಳ ಸಾಲಿಗೆ ಬಡಿದ ಅಲೆ ಹೇಗೆ ಚದುರುತ್ತದೆ, ಚದುರಿದ ಚೂರುಗಳು ಎಲ್ಲಿ ಸೇರಿ ಎತ್ತರವಾಗುತ್ತವೆ, ಎಲ್ಲಿ ಒಂದನ್ನೊಂದು ತಿಂದು ನೀರು ಸುಮ್ಮನಾಗುತ್ತದೆ — ಇದನ್ನು ಮೊದಲೇ ಹೇಳಬಲ್ಲ ಒಂದು ಸೂತ್ರವನ್ನು ಅವರು ವರ್ಷಗಟ್ಟಲೆ ಕೂತು ಕಟ್ಟಿದ್ದರು. ಗುರುಗಳಿಲ್ಲ, ಪುಸ್ತಕಗಳೂ ಸಾಲದು. ಕಾಲೇಜಿನ ಕರಿಹಲಗೆ, ಈ ದಕ್ಕೆ, ಅವರ ತಲೆ. ನನಗೆ ಆ ಸೂತ್ರ ಅರ್ಥವಾಗಲಿಲ್ಲ. ಆದರೆ ಅದನ್ನು ವಿವರಿಸುವಾಗ ಆ ಮನುಷ್ಯನ ಮುಖ — ಹೇಗೆ ಹೇಳಲಿ — ಇಗರ್ಜಿಯಿಂದ ಹೊರಗೆ ಬರುವವರ ಮುಖದಲ್ಲಿ ಕೂಡ ನಾನು ಅಂಥದ್ದನ್ನು ಕಂಡವನಲ್ಲ.

ಮದ್ರಾಸಿನಿಂದ ಒಬ್ಬ ದೊಡ್ಡ ಪ್ರೊಫೆಸರರು ಮಾಸ್ಟ್ರ ಉಪನ್ಯಾಸ ಕೇಳಲು ಬರುವವರಿದ್ದರು. ಸೂತ್ರ ಅವರಿಗೆ ಹಿಡಿಸಿದರೆ ಮಾಸ್ಟ್ರಿಗೆ ಅಲ್ಲಿ ಸಂಶೋಧನೆಗೆ ಜಾಗ. ಆ ವಯಸ್ಸಿನಲ್ಲಿ ಇನ್ನೊಮ್ಮೆ ಯಾರೂ ಕರೆಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸೂತ್ರಕ್ಕೆ ಅಂಕಿಗಳು ಬೇಕಾಗಿದ್ದವು, ಅದೂ ರಾಶಿ ರಾಶಿ. ನಮ್ಮ ಆಫೀಸಿನಲ್ಲಿ ಹಿಡಿ ತಿರುಗಿಸುವ ಒಂದು ಲೆಕ್ಕದ ಯಂತ್ರ ಇತ್ತು. ದಣಿಗಳು ಅದನ್ನು ಹೆಂಡತಿಯ ಒಡವೆಗಿಂತ ಜೋಪಾನವಾಗಿ ಇಟ್ಟಿದ್ದರು. ಭಾನುವಾರಗಳಂದು ದಣಿಗಳಿಗೆ ತಿಳಿಯದ ಹಾಗೆ ನಾನು ಬಾಗಿಲು ತೆರೆಯುತ್ತಿದ್ದೆ, ಮಾಸ್ಟ್ರು ಇಗರ್ಜಿಯ ಪೂಜೆ ಮುಗಿಸಿ ಬರುತ್ತಿದ್ದರು, ಇಬ್ಬರೂ ಸರದಿಯಲ್ಲಿ ಹಿಡಿ ತಿರುಗಿಸುತ್ತಿದ್ದೆವು. ಭಾಷಣದ ಋಣಕ್ಕೆ ಇದು ನನ್ನ ಸಂದಾಯ.

ಕೊನೆಯ ಭಾನುವಾರ ಅವರ ತಂಗಿಯ ಮಗಳ ರೋಸ್. ಮದುವೆಯ ಮುನ್ನಾದಿನ ಹುಡುಗಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಸೋದರಮಾವ ಇಲ್ಲದೆ ನಡೆಯುವುದುಂಟೇ? ಉಳಿದ ಲೆಕ್ಕವನ್ನು ನನಗೊಪ್ಪಿಸಿ ಹೊರಟರು. ಹೊರಡುವಾಗ ಹೇಳಿದರು:

“ಒಂದು ಮಾತು ರಾಯರೇ. ಇಲ್ಲಿ ಒಂದೊಂದು ಅಂಕಿಯೂ ಹಿಂದಿನ ಎರಡರಿಂದ ಹುಟ್ಟೂದು. ಅಜ್ಜನ ಹತ್ರ ಕೂದಲೆಳೆಯಷ್ಟು ತಪ್ಪಿದ್ರೆ ಮೊಮ್ಮಗನ ಹತ್ರ ಹಗ್ಗ ಆಗ್ತದೆ. ಚಿಲ್ಲರೆ ಬಿಡ್ಬೇಡಿ.”

“ಬಿಡೂದಿಲ್ಲ ಮಾಸ್ಟ್ರೇ. ನೀವು ಹೋಗಿ ಊಟ ಮಾಡಿ.”

ಬಿಟ್ಟೆ. ಮೊದಲು ಕೈಯ ರೂಢಿಯಿಂದ — ಒಂದು ಸಂಖ್ಯೆಯನ್ನು ಯಂತ್ರಕ್ಕೆ ಮತ್ತೆ ಹಾಕುವಾಗ ಮೂರನೆಯ ಸ್ಥಾನದಿಂದಲೇ ಕಡಿದುಹಾಕಿದೆ, ಆಣೆಯ ಕಾಲನ್ನು ಕಡಿಯುವ ಹಾಗೆಯೇ. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಮಾತು ನೆನಪಾಯಿತು. ಹಿಂದೆ ಹೋಗಿ ಮೊದಲಿನಿಂದ ಮಾಡಬೇಕಿತ್ತು. ಸೆಕೆ, ಹಸಿವು, ಮನೆಯಲ್ಲಿ ಕಾಣೆ ಮೀನಿನ ಸಾರು… ಅರಬ್ಬೀ ಸಮುದ್ರಕ್ಕೆ ಇಷ್ಟು ಚಿಲ್ಲರೆ ಯಾವ ಲೆಕ್ಕ ಎಂದುಕೊಂಡು ಮುಂದುವರಿದೆ. ಅಲ್ಲಿಂದ ಮುಂದೆ ಬೇಕೆಂದೇ ಕಡಿದೆ, ಬೇಗ ಮುಗಿಯಲಿ ಎಂದು. ಯಂತ್ರ ಪಾಪ, ಗುಣಿಸಿದ ಮೇಲೆ ಉತ್ತರವನ್ನು ಉದ್ದಕ್ಕೇ ಕೊಡುತ್ತಿತ್ತು. ಅದನ್ನು ಹಾಗೆಯೇ ಚಂದವಾಗಿ ಇಳಿಸಿ ಮರುದಿನ ಬೆಳಿಗ್ಗೆ ಮಾಸ್ಟ್ರ ಕೈಗಿಟ್ಟೆ — ಎಂಟನೆಯ ಸ್ಥಾನದವರೆಗೂ ಕರಾರುವಾಕ್ಕಾದ ಸುಳ್ಳು.

ಅವರು ಅದನ್ನು ಪರೀಕ್ಷಿಸಲಿಲ್ಲ. ಸಮಯವಿರಲಿಲ್ಲ, ಬೆಳಿಗ್ಗೆ ತಂಗಿಯ ಮಗಳ ಮದುವೆ, ಉಪನ್ಯಾಸ ಅದೇ ಸಂಜೆ. ಮತ್ತೆ — ನನ್ನ ಮೇಲೆ ನಂಬಿಕೆ ಇತ್ತು.

ದಕ್ಕೆಯ ವಿಷಯವೆಂದು ವ್ಯಾಪಾರಿಗಳೂ ಬಂದಿದ್ದರು. ನಾನು ದಣಿಗಳ ಪಕ್ಕದ ಕುರ್ಚಿಯಲ್ಲಿದ್ದೆ. ಮಾಸ್ಟ್ರು ಮಾತಾಡಿದರು ನೋಡಿ! ಗಣಿತ ತಿಳಿಯದ ಅಡಿಕೆ ವ್ಯಾಪಾರಿಗಳು ಕೂಡ ಮುಂದಕ್ಕೆ ಬಾಗಿ ಕೂತಿದ್ದರು. ಕೊನೆಗೆ ನನ್ನ ಅಂಕಿಗಳನ್ನು ಹಲಗೆಯ ಮೇಲೆ ಬರೆದರು. ಪ್ರೊಫೆಸರರು ಅವುಗಳನ್ನು ಬಹಳ ಹೊತ್ತು ನೋಡಿ, ಮೆತ್ತಗೆ, ಕ್ಷಮೆ ಕೇಳುವವರ ಹಾಗೆ ಹೇಳಿದರು — ಬಂದ ಅಲೆಯ ಶಕ್ತಿಗಿಂತ ಚದುರಿಹೋದ ಅಲೆಗಳ ಶಕ್ತಿ ಹೆಚ್ಚಾಗಿದೆಯಲ್ಲ?

ಜಮೆಗಿಂತ ಖರ್ಚು ಹೆಚ್ಚು. ಆ ಸಭೆಯಲ್ಲಿ ಅದರ ಅರ್ಥ ನನ್ನಷ್ಟು ಬೇಗ ಯಾರಿಗೂ ಆಗಿರಲಿಕ್ಕಿಲ್ಲ.

“ಅಂಕಿಗಳನ್ನು ಹಾಕಿದ್ದು ಯಾರು?” ಪ್ರೊಫೆಸರರು ಕೇಳಿದರು.

ಮಾಸ್ಟ್ರು ನನ್ನ ಕಡೆ ನೋಡಿದರು. ಪಕ್ಕದಲ್ಲಿದ್ದ ದಣಿಗಳನ್ನು ನೋಡಿದರು. ಭಾನುವಾರದ ಬಾಗಿಲು, ಯಂತ್ರ, ನನ್ನ ಕೆಲಸ — ಎಲ್ಲವನ್ನೂ ಅವರು ಆ ಒಂದು ನೋಟದಲ್ಲಿ ತೂಗಿದರು.

“ನಾನೇ” ಎಂದರು.

ನಾನು ಎದ್ದು ನಿಂತಿದ್ದರೆ… ಏಳಲಿಲ್ಲ. ದಣಿಗಳು ನನ್ನ ಕಿವಿಯಲ್ಲಿ, “ಎಂತದು ರಾಯರೇ, ನಿಮ್ಮ ಮಾಸ್ಟ್ರಿಗೆ ಕೂಡಿಸ್ಲಿಕ್ಕೂ ಬರೂದಿಲ್ವಾ?” ಎಂದರು. ನಾನು ನಕ್ಕೆ. ಸುಮ್ಮನಿದ್ದದ್ದಕ್ಕಿಂತ ಆ ನಗು ನನಗೆ ಹೆಚ್ಚು…

ಪ್ರೊಫೆಸರರು ಮರಳಿ ಹೋದರು, ಜಾಗ ಬೇರೆಯವರಿಗೆ ಹೋಯಿತು. ಮುಂದಿನ ಭಾನುವಾರ ನಾನೊಬ್ಬನೇ ಬಾಗಿಲು ತೆರೆದು, ಒಂದು ಅಂಕಿಯನ್ನೂ ಬಿಡದೆ ಎಲ್ಲವನ್ನೂ ಮತ್ತೆ ಮಾಡಿದೆ. ತಾಳೆಯಾಯಿತು. ಬಂದದ್ದೂ ಹೋದದ್ದೂ ಸಮ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಸುಂದರವಾದ ತಾಳೆಯನ್ನು ನಾನು ಕಂಡಿಲ್ಲ. ಆ ಹಾಳೆಗಳನ್ನು ಹರಿದು ಹಾಕಿ ಮನೆಗೆ ಹೋದೆ.

ಮದ್ರಾಸಿಗೆ ಒಂದು ತಂತಿ ಕಳುಹಿಸಿದ್ದರೂ ಸಾಕಿತ್ತು. ಮೊದಲು ಹೆದರಿಕೆಯಿಂದ ಸುಮ್ಮನಿದ್ದೆ. ಆಮೇಲೆ, ಇಷ್ಟು ದಿನ ಸುಮ್ಮನಿದ್ದೆನಲ್ಲ ಎಂಬ ನಾಚಿಕೆಯಿಂದ ಸುಮ್ಮನಿದ್ದೆ. ಎರಡನೆಯದು ವರ್ಷ ವರ್ಷವೂ ಬೆಳೆಯುವ ಜಾತಿ. ಒಮ್ಮೆ ಬಾಯಿಯವರೆಗೆ ಬಂದಿತ್ತು. “ಮಾಸ್ಟ್ರೇ, ಆ ಅಂಕಿಗಳನ್ನು ಇನ್ನೊಮ್ಮೆ ನೋಡಬಹುದಿತ್ತೇನೋ” ಎಂದೆ.

“ಅಂಕಿ ನಿಮ್ಮದು ರಾಯರೇ, ಅದರಲ್ಲಿ ಎಂತ ನೋಡೂದು?” ಎಂದರು. “ತಪ್ಪಿರೂದು ನನ್ನ ತಲೆಯಲ್ಲಿ. ಎಲ್ಲಿ ಅಂತ ಹುಡುಕ್ತಾ ಇದ್ದೇನೆ.”

ಹುಡುಕಿದರು. ಇಲ್ಲದ ತಪ್ಪನ್ನು ತಮ್ಮೊಳಗೆ ಹುಡುಕಿ ಹುಡುಕಿ, ಕೊನೆಗೆ ಅಲೆಗಳನ್ನೇ ಬಿಟ್ಟರು. ನಾನು ಕಸಿದದ್ದು ಮದ್ರಾಸಿನ ಜಾಗವನ್ನಲ್ಲ, ಅದು ಚಿಕ್ಕದು. ಆ ಸೂತ್ರ ಸರಿಯೆಂದು ಒಂದೇ ಒಂದು ದಿನ ತಿಳಿದು ನಿದ್ದೆ ಮಾಡುವ ಸುಖವನ್ನು ಕಸಿದೆ.

ಕಹಿಯಾಗಲಿಲ್ಲ ಆ ಮನುಷ್ಯ. ಅವರ ತರಗತಿಯ ಗೋಡೆಯಾಚೆ ಬೇರೆ ವಿಭಾಗದ ಹುಡುಗರು ನಿಂತು ಕೇಳುತ್ತಿದ್ದರು. ನನ್ನ ಮಗಳಿಗೆ ಬೀಜಗಣಿತ ಕಲಿಸಿದವರೂ ಅವರೇ, ಹಣ ಕೊಡಲು ಹೋದರೆ, “ನೀವು ಭಾನುವಾರ ಭಾನುವಾರ ಹಿಡಿ ತಿರುಗಿಸಿದ್ದಲ್ವಾ ಮಾರಾಯ್ರೇ, ಅದಕ್ಕೆ ನಾನು ಎಂತ ಕೊಟ್ಟಿದ್ದೇನೆ?” ಎಂದರು. ನಿವೃತ್ತಿಯ ದಿನ ಯಾರೋ, “ನೀವು ಮದ್ರಾಸಿಗೆ ಹೋಗಬೇಕಿತ್ತು” ಎಂದು ಹೊಗಳಿದಾಗ, “ಅಲ್ಲಿ ಬಂಗುಡೆ ಒಳ್ಳೇದು ಸಿಕ್ಕೂದಿಲ್ಲ” ಎಂದು ನಗಿಸಿದರು. ನಾನೂ ಎಲ್ಲರ ಜೊತೆ ನಕ್ಕೆ. ನಗುವುದರಲ್ಲಿ ನಾನು ಪಳಗಿದ್ದೆ.

ಈಗ ಅವರು ಕುಲಶೇಖರದಲ್ಲಿ ಮಗನ ಮನೆಯಲ್ಲಿದ್ದಾರೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತೇನೆ. ಸೂತ್ರ ಸರಿಯಿತ್ತು, ಕೆಡಿಸಿದ್ದು ನಾನು — ಹೇಳಲಿಕ್ಕಿರುವುದು ಇಷ್ಟೇ. ಕ್ಷಮೆಯನ್ನು ಕೇಳುವುದಿಲ್ಲ, ಕೇಳಿದರೆ ಅವರು ಕೊಟ್ಟೇ ಬಿಡುತ್ತಾರೆ, ಆ ಮನುಷ್ಯನ ಸ್ವಭಾವ ನನಗೆ ಗೊತ್ತು. ಒಂದೇ ತೊಂದರೆ — ಅವರಿಗೆ ಕಿವಿ ಈಗ ಪೂರಾ ಮಂದ. ಮೆಲ್ಲಗೆ ಹೇಳಿ ಮುಗಿಸುವ ಹಾಗಿಲ್ಲ, ಕೂಗಿಯೇ ಹೇಳಬೇಕು. ಮಗನಿಗೆ, ಸೊಸೆಗೆ, ಮೊಮ್ಮಕ್ಕಳಿಗೆ, ಆಚೆ ಮನೆಯವರಿಗೆ, ಎಲ್ಲರಿಗೂ ಕೇಳಿಸುತ್ತದೆ.

ಕೇಳಿಸಲಿ.