ಗಂಜಿಯ ಹದ, ತಕ್ಕಡಿಯ ವೇಗ

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ರತ್ನಮ್ಮ ಹುಣಸೆ ಬೀಜ ಹುರಿಯುತ್ತಿದ್ದಳು. ಆ ವಾಸನೆ ಗೋಡೆ ದಾಟಿ ಬಂದದ್ದೇ, ಸತ್ತು ಎಷ್ಟೋ ಕಾಲವಾದ ನಮ್ಮತ್ತೆ ಎದುರಿಗೆ ಕೂತಂತಾಯಿತು. ಪ್ರೀತಿಯಿಂದ ನೆನೆದದ್ದಲ್ಲ ಬಿಡಿ, ಅವಳಿಗೂ ನನಗೂ ಅಷ್ಟಕ್ಕಷ್ಟೆ.

ನಮ್ಮದು ಕುರಿ ಕಾಯುವ, ಕಂಬಳಿ ನೇಯುವ ಮನೆ. ಹುರಿದ ಹುಣಸೆ ಬೀಜ ನೆನೆಸಿ, ಅರೆದು, ಗಂಜಿ ಕಾಯಿಸಿ ಉಣ್ಣೆ ನೂಲಿಗೆ ಬಳಿದರೆ ಮಗ್ಗದಲ್ಲಿ ನೂಲು ಹರಿಯುವುದಿಲ್ಲ. ಆ ಗಂಜಿಯ ಹದ ಅತ್ತೆಗೊಬ್ಬಳಿಗೇ ಗೊತ್ತಿತ್ತು. ಒಲೆ ಮುಂದೆ ನಮಗೆ ಬೆನ್ನು ಹಾಕಿಯೇ ಕೂರುತ್ತಿದ್ದಳು. ಕೇಳಿದರೆ, "ಏನವಸ್ರ? ನಾನಿನ್ನೂ ಗಟ್ಟಿ ಇದೀನಿ" ಅನ್ನುತ್ತಿದ್ದಳು. ಅವಳು ಸತ್ತ ವರ್ಷ ನಾನು ಮಗ್ಗಕ್ಕೆ ಹಾಕಿದ ನೂಲೆಲ್ಲ ಪಟಪಟ ಹರಿಯಿತು. ಬಾಯಿಗೆ ಬಂದಂತೆ ಬೈದೆ. ಎರಡು ವರ್ಷ ನೂಲು ಹಾಳು ಮಾಡಿಕೊಂಡೇ ಹದ ಕಲಿತೆ.

ಹಾಗೆ ಬೈದವಳು ಆಮೇಲೆ ಏನು ಮಾಡಿದೆ, ಕೇಳಿ.

ನಮ್ಮ ಆದಿವಾಲದ ಹೆಂಗಸರ ಡೈರಿಯಲ್ಲಿ ಹಾಲು ತೂಗುವವಳು ನಾನು. ಅಲ್ಲಿಗೆ ಕರೆಂಟಿನ ತಕ್ಕಡಿ ಬಂತು, ಕಂಪ್ಯೂಟರ್ ಬಂತು, ಎರಡರ ನಡುವೆ ಒಂದು ದಪ್ಪ ವೈರು. ತಕ್ಕಡಿ ತೂಕ ಹೇಳಬೇಕು, ಕಂಪ್ಯೂಟರ್ ಕೇಳಿಸಿಕೊಂಡು ಚೀಟಿ ಕೊಡಬೇಕು. ಚೀಟಿಯಿಲ್ಲದ ಹಾಲನ್ನು ಲಾರಿಯವನು ಮುಟ್ಟುವುದಿಲ್ಲ. ಕಂಪ್ಯೂಟರ್ ಕೇಳುವ ವೇಗ ಎರಡು ಸಾವಿರದ ನಾನೂರು. ತಕ್ಕಡಿ ಹುಟ್ಟಿನಿಂದ ಮಾತಾಡುವ ವೇಗ ಒಂಬತ್ತು ಸಾವಿರದ ಆರುನೂರು. ಯಾವುದರ ಲೆಕ್ಕವೋ ನನಗೆ ಗೊತ್ತಿಲ್ಲ. ಕರೆಂಟು ಹೋಗಿ ಬಂದರೆ ತಕ್ಕಡಿ ಹುಟ್ಟುಗುಣಕ್ಕೆ ಹೋಗುತ್ತಿತ್ತು, ಪರದೆಯ ಮೇಲೆ ಅಂಕಿಯ ಬದಲು ಇರುವೆ ಹರಿದಂತೆ ಏನೇನೋ ಬರುತ್ತಿತ್ತು. ಆಗ ತಕ್ಕಡಿಯ ಅಡಿಯ ಗುಂಡಿಯನ್ನು ಹತ್ತು ಎಣಿಸುವವರೆಗೆ ಅದುಮಿ, ಬಿಟ್ಟು, ಮೂರು ಸಲ ಒತ್ತಿದರೆ ಅದು ಕಂಪ್ಯೂಟರಿನ ವೇಗಕ್ಕೆ ಇಳಿಯುತ್ತಿತ್ತು. ಮೊದಲು ಬಂದ ಮೆಕ್ಯಾನಿಕ್ ನನಗೆ ತೋರಿಸಿ ಹೋದ. ನಾನು ಯಾರಿಗೂ ತೋರಿಸಲಿಲ್ಲ. ಸೆರಗು ಅಡ್ಡ ಹಿಡಿದು ಒತ್ತುತ್ತಿದ್ದೆ.

"ಅಜ್ಜಿ ಬರ್ಲಿ ತಡೀರಿ, ಅಜ್ಜಿ ಕೈಗುಣ ಐತೆ" ಎಂದು ಹೆಂಗಸರು ಕಾಯುತ್ತಿದ್ದರು. ನನಗೆ ಅದು ಬೇಕಿತ್ತು. ಗುಟ್ಟು ಹೋದರೆ ಈ ಮುದುಕಿಯನ್ನು ಆ ಕುರ್ಚಿಯಲ್ಲಿ ಯಾರು ಕೂರಿಸುತ್ತಾರೆ?

ಒಂದು ಸಲ ಬಾಗೂರಿಗೆ ಮದುವೆಗೆ ಹೋದೆ. ಆ ಬೆಳಿಗ್ಗೆಯೇ ಇಲ್ಲಿ ಕರೆಂಟು ಹೋಗಿ ಬಂತು. ಫೋನು ನನ್ನ ಚೀಲದಲ್ಲಿ ಕೂಗಿಕೊಂಡಿತಂತೆ. ವಾಲಗದ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಲಾರಿ ಖಾಲಿ ಹೋಯಿತು. ಸರಿಹೋದೀತೆಂದು ಕಾದು ಕೂತವರ ಹಾಲು ಕ್ಯಾನಿನಲ್ಲೇ ಒಡೆಯಿತು. ಮಾರನೆಯ ದಿನ ಬಂದರೆ ಡೈರಿ ಬಾಗಿಲಲ್ಲೇ ಹುಳಿ ನಾತ. ರತ್ನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಮದ್ವೆ ಊಟ ಚೆನ್ನಾಗಿತ್ತೇನಜ್ಜಿ? ಹೊಸ ಎಮ್ಮೆ ಹಾಲು ಮೊದ್ಲನೇ ಸಲ ತಂದಿದ್ದೆ, ನಾಯಿಗೆ ಹುಯ್ದೆ. ನೀನು ಸತ್ರೆ ಡೈರಿ ಮುಚ್ಕಂಡು ಹೋಗಾಣೇನು?"

ಅತ್ತೆಗೆ ನಾನು ಬೈದದ್ದೂ ಇದನ್ನೇ.

ದುರ್ಗದಿಂದ ಒಬ್ಬಳು ಇಂಜಿನಿಯರಮ್ಮ ಬಂದು ಅರ್ಧ ದಿನ ಕೂತಳು. ವೈರಿನ ಬಾಗಿಲಲ್ಲಿ ಕೂತು ಮಾತು ದಾಟಿಸುವುದಕ್ಕೆ ಕಂಪ್ಯೂಟರಿನೊಳಗೆ ಡ್ರೈವರ್ ಅಂತ ಒಂದಿರುತ್ತದಂತೆ.

"ವೇಗನ ಅದ್ರೊಳಗೆ ಬಿಗಿದಿಟ್ಟಿದ್ರು ಅಜ್ಜಿ. ಚೀಟಿ ಬರೆಯೋ ಪ್ರೋಗ್ರಾಮಿಗೂ ಕಾಣ್ತಿರ್ಲಿಲ್ಲ. ಈಗ ಹೊರಗೆ ತಂದಿಟ್ಟೀನಿ. ತಕ್ಕಡಿ ಹೆಂಗೇ ಕುಣೀಲಿ, ಪರದೆ ಮೇಲೆ ನೀವೇ ಆರಿಸ್ಕಳ್ರಿ."

"ಯಾರು ಬೇಕಾದ್ರೂನಾ?"

"ಯಾರು ಬೇಕಾದ್ರೂ."

"ಯಾರಾದ್ರೂ ಕೆಡಿಸಿದ್ರೆ?"

"ಕೆಟ್ಟಿದ್ದೂ ಎಲ್ರಿಗೂ ಕಾಣ್ತೈತೆ. ಕಂಡೋರು ಸರಿ ಮಾಡ್ತಾರೆ."

ಮುಂದಿನ ಸಲ ಕರೆಂಟು ಹೋಗಿ ಬಂದಾಗ, ನಾನು ಮಂಡಿ ಹಿಡಿದು ಏಳುವಷ್ಟರಲ್ಲಿ ರತ್ನಮ್ಮ ಬಗ್ಗಿ ವೇಗ ಆರಿಸಿಬಿಟ್ಟಿದ್ದಳು. ಚೀಟಿ ಬಂತು. ಯಾರೂ ನನ್ನ ಕಡೆ ನೋಡಲಿಲ್ಲ. ಕುರ್ಚಿಯೇನೋ ಇನ್ನೂ ನನ್ನದೇ. ಮುಂಜಾನೆ ಅಷ್ಟು ಹೊತ್ತಿಗೆ ಎದ್ದು ಬಂದು ಕೂರುವವರು ಬೇರೆ ಯಾರೂ ಸಿಕ್ಕಿಲ್ಲ, ಅದಕ್ಕೆ.

ಈ ವರ್ಷ ರತ್ನಮ್ಮ ಮಗ್ಗ ಹೂಡಿದ್ದಾಳೆ. ಅವಳ ನೂಲು ಹರಿಯುವ ಸದ್ದು ದಿನವೂ ಗೋಡೆಯಾಚೆಯಿಂದ ಕೇಳುತ್ತದೆ. ಕೇಳಿಸಿಕೊಂಡು ಸುಮ್ಮನಿದ್ದೆ. ಇವತ್ತು ಆ ವಾಸನೆ ಬಂದ ಮೇಲೆ ಕೂರಲಾಗಲಿಲ್ಲ, ಎದ್ದು ಹೋದೆ. ಬೀಜ ನೆನೆಸಿ, ಅರೆದು, ಸಂಜೆಗೆ ಗಂಜಿ ಕುದಿಯುವ ತನಕ ಅಲ್ಲೇ ಕೂತೆ, ಒಲೆಗೆ ಮುಖ ಮಾಡಿ, ಅವಳನ್ನೂ ಪಕ್ಕಕ್ಕೆ ಕೂರಿಸಿಕೊಂಡು.

"ಸೌಟು ಎತ್ತು. ಹನಿ ಬಿದ್ರೆ ಇನ್ನೂ ಕಾಯ್ಬೇಕು. ಎಳೆಯಾಗಿ ಇಳಿದ್ರೆ ಇಳಿಸ್ಬಿಡು."

ಅವಳು ಸೌಟು ಎತ್ತಿ ಹಿಡಿದಳು. ಎಳೆ ಇಳಿಯಿತು.

"ಇಷ್ಟೇನಾ? ಇಷ್ಟ್ ದಿನ ಯಾಕಜ್ಜಿ ಹೇಳ್ಲಿಲ್ಲ?"

"ನೀನೆಲ್ಲಿ ಕೇಳ್ದೆ?" ಎಂದೆ.

ಮೂರು ಸಲ ಕೇಳಿದ್ದಳು.