ದುರುಗವ್ವನ ದನಿಗೆ ಒಂದು ಗಿಟಾರು

ಹೊಸ ಗಿಟಾರು ತಂತಿಗೆ ಒಂದು ವಾಸನೆ ಇರುತ್ತದೆ. ನಿಮಗೆ ಗೊತ್ತಿರಲಿಕ್ಕಿಲ್ಲ, ನನಗೂ ಗೊತ್ತಿರಲಿಲ್ಲ. ಹೊಸ ಕೊಡಪಾನದೊಳಗೆ ಮೂಗಿಟ್ಟರೆ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ. ನಿನ್ನೆ ಕೂಡ್ಲಿಗಿಯ ನಮ್ಮ ಅಂಚೆ ಕಚೇರಿಯಲ್ಲಿ ಊಟ ಮುಗಿಸಿ ನಾನು ಕಣ್ಣು ಮುಚ್ಚುವ ಹವಣಿಕೆಯಲ್ಲಿದ್ದಾಗ, ಪಕ್ಕದ ಮೇಜಿನ ಸುಜಾತ ಚೀಲದಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದಳು. ವಾಸನೆ ಬಂತು, ನಿದ್ದೆ ಹೋಯಿತು, ಆ ಜಾಗಕ್ಕೆ ದಾವಣಗೆರೆಯ ಒಂದು ಅಂಗಡಿ ಬಂದು ಕೂತಿತು.

ಸಂಗೀತದ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಕೊಟ್ಟೂರಿನ ನಮ್ಮ ಮನೆಯಲ್ಲಿ ತೊಟ್ಟಿಲು ತೂಗುವ ಕೆಲಸ ನನ್ನದು, ಜೋಗುಳ ಹಾಡುವ ಕೆಲಸ ನನ್ನ ತಂಗಿಯದು. ನಾನು ಬಾಯಿ ತೆರೆದರೆ ಮಲಗಿದ ಕೂಸೂ ಎದ್ದುಬಿಡುತ್ತದೆ ಎಂದು ಅಮ್ಮ ತೀರ್ಮಾನಿಸಿದ್ದಳು. ಆದರೆ ನಾನು ಬಟ್ಟೆ ಅಂಗಡಿಯವರ ಮಗಳು. ಆರಿಸುವುದು ಎಂದರೇನು ಅನ್ನುವುದು ನನಗೆ ಗೊತ್ತು. ಒಂದು ಸೀರೆಗಾಗಿ ಇಡೀ ಕಪಾಟು ಇಳಿಸಿ, ಕೊನೆಗೆ ಮೊದಲು ತೋರಿಸಿದ್ದನ್ನೇ ಒಯ್ದವರನ್ನು ಕಂಡಿದ್ದೇನೆ. ಸುಜಾತ ಗಿಟಾರು ಆರಿಸಿದ ಹಾಗೆ ಮಾತ್ರ ಯಾರೂ ಏನನ್ನೂ ಆರಿಸಿದ್ದನ್ನು ಕಂಡಿಲ್ಲ.

ಅವಳ ತಾಯಿ ದುರುಗವ್ವ ಕೂಡ್ಲಿಗಿಯ ತಮ್ಮ ಓಣಿಯ ಬುದ್ಧವಿಹಾರದಲ್ಲಿ ಪ್ರತಿ ಹುಣ್ಣಿಮೆ ಸಂಜೆ ಹಾಡುತ್ತಿದ್ದರು. ಪದಗಳನ್ನು ತಾವೇ ಕಟ್ಟುತ್ತಿದ್ದರು. ಅಲ್ಲಿ ಒಂದು ಪದ್ಧತಿಯಿತ್ತು. ಸಾಲಿನ ಕೊನೆಯ ಮಾತನ್ನು ಹಾಡುವವರು ಹಾಡುವುದಿಲ್ಲ; ಅದರ ಹೊಸ್ತಿಲಿಗೆ ತಂದು ನಿಲ್ಲಿಸುತ್ತಾರೆ, ಕೂತ ಹೆಂಗಸರು ಎತ್ತಿಕೊಂಡು ಮುಗಿಸುತ್ತಾರೆ. ಯಾರಾದರೂ ಮೈಮರೆತು ಮುಗಿಸದೆ ಬಿಟ್ಟರೆ ದುರುಗವ್ವ ಒಂದು ಸಲ ತಿರುಗಿ ನೋಡುತ್ತಿದ್ದರು. ಆ ನೋಟಕ್ಕಿಂತ ನಮ್ಮ ಪೋಸ್ಟ್ ಮಾಸ್ತರರ ಬೈಗುಳವೇ ವಾಸಿ. ಅರ್ಧಕ್ಕೆ ಬಿಟ್ಟ ಸಾಲು ಅವರಿಗೆ ಮುಚ್ಚದೆ ಬಿಟ್ಟ ಹಾಲಿನ ಪಾತ್ರೆಯಿದ್ದಂತೆ.

ಅವರಿಗೆ ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರರು ವಯಸ್ಸಾಯಿತೆಂದು ಪೇಟಿಯ ಸಮೇತ ತಮ್ಮೂರು ಅರಸೀಕೆರೆಗೆ ಹೋದರು. ಅದಾದ ಮೇಲಿನ ಹುಣ್ಣಿಮೆಗೆ ದುರುಗವ್ವ ಎರಡನೆಯ ಪದದ ನಡುವೆ ಎದ್ದು ನಿಂತು, "ಸಾಕ್ರವ್ವಾ, ನನ್ನ ದನಿ ಹೋತು. ಇನ್ನ ನೀವಽ ಹಾಡ್ಕೊಳ್ರಿ" ಎಂದು ಹೇಳಿ ಮನೆಗೆ ನಡೆದರು. ಮುಂದಿನ ಹುಣ್ಣಿಮೆಗೆ ಬರಲೇ ಇಲ್ಲ.

"ಅಕ್ಕಾ, ಮೊದ್ಲು ರೊಟ್ಟಿ ಬಡಿಯೋ ಮುಂದ ಗುನುಗುತಿದ್ಲು. ಈಗ ಬರೇ ರೊಟ್ಟಿ ಸಪ್ಪಳ ಕೇಳ್ತೈತಿ" ಎಂದಳು ಸುಜಾತ. ಹೇಳುವಾಗ ಅವಳ ಕಣ್ಣು ತುಂಬಿತ್ತು.

ಪೇಟಿಯ ಆಸರೆ ತಪ್ಪಿದ್ದೇ ಕಾರಣ ಎಂದು ಅವಳ ಲೆಕ್ಕಾಚಾರ. ಹಾಗಾದರೆ ಒಂದು ಪೇಟಿಯನ್ನೇ ಕೊಳ್ಳಬಾರದೇ ಎಂದೆ.

"ನನಗ ಬರೋದು ಗಿಟಾರು ಅಕ್ಕಾ. ಬರೋದ್ರಾಗಽ ಅವ್ವನ್ನ ಹಿಡೀಬೇಕು."

ಕಾಲೇಜಿನಿಂದ ಅವಳು ನುಡಿಸುತ್ತಿದ್ದುದು ಮರದ ಗಿಟಾರು. ವಿಹಾರದ ಫ್ಯಾನು, ಮಕ್ಕಳ ಗಲಾಟೆಯಲ್ಲಿ ಅದು ಕೇಳಿಸುವುದಿಲ್ಲ. ಮೈಕಿನ ಮುಂದೆ ಹಿಡಿದರೆ ಕುಂಯ್ ಎನ್ನುತ್ತದೆ. ಆದ್ದರಿಂದ ಎಲೆಕ್ಟ್ರಿಕ್ ಗಿಟಾರೇ ಬೇಕು. ಅದರ ಹೊಟ್ಟೆ ಪೊಳ್ಳಲ್ಲ, ಗಟ್ಟಿ ಹಲಗೆ. ತಂತಿಯ ಕೆಳಗೆ ಅಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿರುತ್ತಾರೆ, ಅದಕ್ಕೆ ಪಿಕಪ್ ಎನ್ನುತ್ತಾರೆ. ದನಿಯನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅದೇ. ಒಂಟಿ ಸುರುಳಿಯದಾದರೆ ದನಿ ತೆಳುವು, ನಿಚ್ಚಳ. ಜೋಡಿ ಸುರುಳಿಯದಾದರೆ ದಪ್ಪ, ತುಂಬಿ ಬರುತ್ತದೆ. ಇದನ್ನೆಲ್ಲ ಅವಳು ನನಗೆ ಊಟದ ಡಬ್ಬಿಗಳನ್ನು ಜೋಡಿಸಿ ತೋರಿಸಿ ಕಲಿಸಿದಳು. ಪಾಠ ಮುಗಿಯುವ ಮೊದಲೇ ನಾನು ಜೋಡಿ ಸುರುಳಿಯಲ್ಲಿದ್ದ ಮೊಸರನ್ನವನ್ನು ತಿಂದು ಮುಗಿಸಿದ್ದೆ.

ಒಂದು ಭಾನುವಾರ ಸುಜಾತ, ಸೀರೆ ತರೋಣ ಎಂದು ಹೇಳಿ ದುರುಗವ್ವನನ್ನು ದಾವಣಗೆರೆಯ ಬಸ್ಸು ಹತ್ತಿಸಿದಳು. ಕೊಟ್ಟೂರಿನಲ್ಲಿ ನಾನು ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣದೊಂದಿಗೆ ಹತ್ತಿದೆ. ಹರಪನಹಳ್ಳಿ ದಾಟುವ ಹೊತ್ತಿಗೆ ಪೊಟ್ಟಣ ಬರಿದಾಯಿತು, ದುರುಗವ್ವನಿಗೆ ಸೀರೆಯ ಮೇಲೆ ಅನುಮಾನವೂ ಬಂತು.

ದಾವಣಗೆರೆಯ ಅಂಗಡಿಯಾತ ಉತ್ಸಾಹಿ. ಹೊಳೆಯುವ ಕೆಂಪು ಗಿಟಾರೊಂದನ್ನು ಇಳಿಸಿ, ತಾನೇ ನುಡಿಸಿ ಅಂಗಡಿಯ ಗಾಜು ನಡುಗಿಸಿದ. "ಇದು ತಗಳ್ರಿ ಮೇಡಂ, ಸ್ಟೇಜ್ ಹಾರೋಗ್ತತೆ!" ಸುಜಾತ ನಕ್ಕು, ವೈರು ಕಿತ್ತು, ಮೊದಲು ಕರೆಂಟಿಲ್ಲದೆಯೇ ಹಲಗೆಗೆ ಕಿವಿಯಿಟ್ಟು ಮೀಟಿ ನೋಡಿದಳು. ಆಮೇಲೆ ವೈರು ಸಿಕ್ಕಿಸಿ ಗುಂಡಿಗಳನ್ನು ಒಂದೊಂದಾಗಿ ತಿರುವಿದಳು. ದುರುಗವ್ವನನ್ನು ಎದುರಿನ ಸ್ಟೂಲಿನ ಮೇಲೆ ಕೂಡಿಸಿ, "ಅವ್ವಾ, ಒಂದು ಸಾಲು ಅನ್ನು" ಎಂದು ಕೇಳಿದಳು.

"ಅಂಗಡ್ಯಾಗ ಹಾಡಾಕ ನಾ ಏನ್ ರೇಡಿಯೋನಽ?"

ಆಗ ಸುಜಾತ ಮಾಡಿದ್ದನ್ನು ನೆನೆದರೆ ನನಗೆ ಇಂದಿಗೂ ಕೈ ಮುಗಿಯಬೇಕು ಅನ್ನಿಸುತ್ತದೆ. ಒತ್ತಾಯ ಮಾಡಲಿಲ್ಲ. ಅವ್ವ ಕಟ್ಟಿದ ಪದದ ಒಂದು ಸಾಲನ್ನು ನುಡಿಸುತ್ತಾ ಹೋಗಿ, ಕೊನೆಯ ಮಾತಿನ ಹೊಸ್ತಿಲಲ್ಲಿ ನಿಲ್ಲಿಸಿಬಿಟ್ಟಳು.

ದುರುಗವ್ವ ಬೀದಿ ನೋಡುತ್ತಿದ್ದರು. ಗಿಟಾರು ಬದಲಾಯಿತು, ಮತ್ತೆ ಅದೇ ಸಾಲು, ಮತ್ತೆ ಅದೇ ಹೊಸ್ತಿಲು. ದುರುಗವ್ವನ ತುಟಿ ಬಿಗಿದೇ ಇತ್ತು. ಕಡೆಗೆ ಸುಜಾತ ಜೋಡಿ ಸುರುಳಿಯ ಒಂದು ಭಾರದ ಗಿಟಾರನ್ನು ತುಂಬು ದನಿಗೆ ತಂದು ನುಡಿಸಿದಳು. ಎಳೆದಷ್ಟೂ ನಿಲ್ಲುವ ನಾದ, ಥೇಟು ಪೇಟಿ. ಅವಳ ಮುಖ ಅರಳಿತು.

"ಇದು ಮಾಸ್ತರ ಪೇಟಿ ಇದ್ದಂಗಽ ಐತಲ್ಲವಾ?"

"ಇದ್ದಂಗಽ ಐತಿ. ಅದಕ್ಕಽ ಒಲ್ಲೆ" ಎಂದರು ದುರುಗವ್ವ. "ಆ ಪೇಟಿ ಮುಂದ ಕೂಗಿ ಕೂಗಿನಽ ನನ್ನ ಗಂಟ್ಲ ಹರದೈತಿ. ಮಾಸ್ತರ ಹಿಡಿದ ಶ್ರುತಿ ಇಳಸ್ತಿದ್ದಿಲ್ಲ. ನಾ ಹೆಂಗ ಹೇಳ್ಲಿ ದೊಡ್ಡಾರಿಗೆ?"

ಸುಜಾತ ಗಿಟಾರು ಕೆಳಗಿಟ್ಟಳು. ಇಷ್ಟು ದಿನ ಅವ್ವನಿಗೆ ಆಸರೆ ಎಂದು ಅವಳು ಹುಡುಕುತ್ತಿದ್ದದ್ದು ಅವ್ವನ ಮೇಲೆ ಹೊರಿಸಿದ ಹೊರೆಯನ್ನು. ನಾನಾಗಿದ್ದರೆ ಮುಖ ಸಣ್ಣಗೆ ಮಾಡಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಡುತ್ತಿದ್ದೆ. ಅವಳು ಗೋಡೆಯ ತುದಿಯಲ್ಲಿದ್ದ, ಕೆನೆ ಬಣ್ಣದ, ಯಾರೂ ಕೇಳದ ಒಂಟಿ ಸುರುಳಿಯ ಗಿಟಾರನ್ನು ಇಳಿಸಿಕೊಂಡಳು. "ಟ್ಯೂಬ್‌ಲೈಟ್ ಹತ್ರ ಗುಂಯ್ ಅಂತತೆ ಮೇಡಂ, ಆಮೇಲೆ ನನ್ನ ಬೈಬ್ಯಾಡ್ರಿ" ಎಂದ ಅಂಗಡಿಯಾತ. ಅವಳು ಗಿಟಾರಿನ ಕುತ್ತಿಗೆಯ ಬದಿಯ ಪಿಕಪ್ಪಿಗೆ ಸ್ವಿಚ್ಚು ತಿರುಗಿಸಿ, ದನಿಯ ಚೂಪು ತಗ್ಗಿಸಿ, ತಂತಿಗಳನ್ನೆಲ್ಲ ಸಡಿಲಿಸಿ ಶ್ರುತಿಯನ್ನು ಇಳಿಸಿದಳು. ಅದೇ ಸಾಲು. ಒಂದೊಂದು ಸ್ವರದ ನಡುವೆ ಉಸಿರಾಡುವಷ್ಟು ಜಾಗ. ಹೊಸ್ತಿಲಿಗೆ ಬಂದು ನಿಲ್ಲಿಸಿದಳು.

ಬೀದಿ ನೋಡುತ್ತಲೇ, ತಮಗೇ ಗೊತ್ತಿಲ್ಲದಂತೆ, ದುರುಗವ್ವ ಆ ಸಾಲನ್ನು ಮುಗಿಸಿದರು.

ಸುಜಾತ ಮುಂದಿನ ಸಾಲು ಹಿಡಿದಳು, ದುರುಗವ್ವ ಅದನ್ನೂ ಮುಗಿಸಿ, ಆಮೇಲೆ ಎಚ್ಚರಾಗಿ, "ಸೀರಿ ಎಲ್ಲೈತಿ?" ಎಂದು ಗದರಿದರು. ಅವತ್ತು ಸೀರೆಯನ್ನೂ ಕೊಡಿಸಬೇಕಾಯಿತು, ಅದನ್ನು ಆರಿಸಿದವಳು ನಾನು, ಆ ಬಣ್ಣದ ಬಗ್ಗೆ ದುರುಗವ್ವ ಇನ್ನೂ ನನ್ನನ್ನು ಕ್ಷಮಿಸಿಲ್ಲ.

ಹುಣ್ಣಿಮೆಯ ಸಂಜೆ ವಿಹಾರದಲ್ಲಿ ಗಿಟಾರು ಗುಂಯ್ ಎಂದಿತು. ಓಣಿಯ ಹಿರಿಯರೊಬ್ಬರು ಎದ್ದು ಟ್ಯೂಬ್‌ಲೈಟು ಆರಿಸಿದರು. ಮೂಲೆಯ ಬಲ್ಬಿನ ಬೆಳಕಿನಲ್ಲಿ ದುರುಗವ್ವ ಹಾಡಿದರು. ಮೊದಲಿನ ಎತ್ತರದ ದನಿಯಲ್ಲ. ಮಾತಾಡಿದಷ್ಟು ಹತ್ತಿರದ ದನಿ. ಹಾಡುವ ಮೊದಲು ಅವರು ಎಳೆದುಕೊಂಡ ಉಸಿರು ಕೊನೆಯ ಸಾಲಿನಲ್ಲಿದ್ದ ನನಗೂ ಕೇಳಿಸಿತು. ಸುಜಾತ ತಲೆ ಎತ್ತದೆ ನುಡಿಸುತ್ತಿದ್ದಳು. ಕೇಳಿದವರು ತಾಯಿಯನ್ನು ಹೊಗಳಿದರೇ ಹೊರತು ಗಿಟಾರಿನ ಮಾತನ್ನು ಯಾರೂ ಎತ್ತಲಿಲ್ಲ. ಅವಳಿಗೆ ಬೇಕಿದ್ದದ್ದೂ ಅದೇ.

ಇದಾಗಿ ಕೆಲವು ವರ್ಷಗಳಾದವು. ನಿನ್ನೆ ಪೊಟ್ಟಣದಿಂದ ಬಂದ ತಂತಿಗಳು ಎಂದಿಗಿಂತ ದಪ್ಪನಾಗಿ ಕಂಡವು. ಯಾಕೆ ಎಂದು ಕೇಳಿದೆ. ತೀರಾ ಸಡಿಲಿಸಿದರೆ ಸಣ್ಣ ತಂತಿ ಜೋಲುತ್ತದಂತೆ. ಕೆಳಗಿನ ಶ್ರುತಿಗೆ ದಪ್ಪ ತಂತಿಯೇ ಬೇಕಂತೆ. ಇನ್ನೂ ಕೆಳಗೆ ಯಾಕೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಕೈಯಲ್ಲಿ ತಂತಿಯಿದ್ದುದರಿಂದ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ದುರುಗವ್ವ ಇಡೀ ಅಂಚೆ ಕಚೇರಿಗೆ ಕೇಳುವಂತೆ ಹೇಳಿದರು:

"ತಂತಿ ತಂದಿ ಇಲ್ಲೋ? ಹೊಸಾ ಪದ ಕಟ್ಟೀನಿ, ಲಗೂನ ಬಾ. ದನಿ ಹೋಗಿಲ್ಲಲೇ, ಇಳದೈತಿ ಅಷ್ಟಽ."