“ಆ ಮಗೂಗೆ ಸ್ನಾನ ಮಾಡಿಸಿದ್ರಾ?”

“ಆಮೇಲೆ ಆ ಮಗೂಗೆ ಸ್ನಾನ ಮಾಡಿಸಿದ್ರಾ, ಚಿಕ್ಕಯ್ಯ?”

ಕೇಳಿದವಳು ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಯರವ ಬುಡಕಟ್ಟಿನ ಮಾಚಿ. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಮೈಸೂರಿನಲ್ಲಿ ಎಂ.ಎ. ಮುಗಿಸಿ ನಾಪೋಕ್ಲಿನ ಮನೆಗೆ ಬಂದಿದ್ದ ನಾನು ಜಗಲಿಯಲ್ಲಿ ಕೂತು ಅಕ್ಕನ ಮಗಳಿಗೆ ಒಂದು ಇಂಗ್ಲಿಷ್ ಕಾದಂಬರಿಯ ಕಥೆ ಹೇಳುತ್ತಿದ್ದೆ. ಇಡೀ ಊರು ದೂರವಿಟ್ಟ ಮನುಷ್ಯನೊಬ್ಬನನ್ನು ಪುಟ್ಟ ಹುಡುಗಿ ಕೈಹಿಡಿದು ತನ್ನ ಮನೆಯೊಳಗೆ ಕರೆತರುತ್ತಾಳೆ. ಅವಳು ಕೂದಲಿಗೆ ಸಿಕ್ಕಿಸಿಕೊಂಡ ಬಿಳಿ ಹೂವು ಮುಗ್ಧತೆಯ ಸಂಕೇತವೆಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ಅಂಗಳದ ಅಂಚಿನಲ್ಲಿ ಕರಿಮೆಣಸು ಆರಿಸುತ್ತಾ ಮಾಚಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಸ್ನಾನ ಯಾಕೆ? ಪುಸ್ತಕದಲ್ಲಿ ಹಾಗೇನೂ ಇಲ್ಲ ಮಾರಾಯ್ತಿ,” ಎಂದು ನಕ್ಕೆ.

“ನಿಮಗೆ ಮಾಡಿಸ್ತಿದ್ರಲ್ಲ! ನನ್ನ ಸೊಂಟದಿಂದ ಇಳಿದ ಕೂಡಲೇ ಅವ್ವೋರು ಬಾವಿಕಟ್ಟೇಲಿ ನಿಲ್ಲಿಸಿ ತಣ್ಣೀರು ಹೊಯ್ತಿದ್ರು. ಗಡಗಡ ನಡುಗ್ತಿದ್ರಿ. ಪಾಪ ಅಂತ ನಾನು ಎತ್ತಿಕೊಳ್ಳೋದೇ ಬಿಟ್ಟೆ.” ಅವಳ ಬೆರಳುಗಳು ಮೆಣಸು ಆರಿಸುತ್ತಲೇ ಇದ್ದವು.

“ಮಾವ, ಆಮೇಲೆ ಏನಾತ್?” ಎಂದು ಅಕ್ಕನ ಮಗಳು ತೋಳು ಜಗ್ಗಿದಳು.

ಆ ತಣ್ಣೀರು ನನಗೆ ನಿಜವಾಗಿಯೂ ನೆನಪಿದೆಯೋ, ಅವಳ ಮಾತು ಕೇಳಿದ ಮೇಲೆ ನಾನೇ ಕಲ್ಪಿಸಿಕೊಂಡೆನೋ, ಇವತ್ತಿಗೂ ಹೇಳಲಾರೆ. ಎತ್ತಿಕೋ ಎಂದು ಕೈಚಾಚಿದಾಗ ಮಾಚಿ ಹಿಂದೆ ಸರಿದದ್ದು ಮಾತ್ರ ಚೆನ್ನಾಗಿ ನೆನಪಿದೆ. ನಾನೆಂದರೆ ಅವಳಿಗೆ ಆಗುವುದಿಲ್ಲ ಎಂದುಕೊಂಡು, ಅಷ್ಟೂ ವರ್ಷ ಅವಳನ್ನು ಸರಿಯಾಗಿ ಮಾತನಾಡಿಸಿರಲಿಲ್ಲ.